ಹಿಂದುಳಿದ ಮಗುವನ್ನು ಗುರುತಿಸುವ ಬಗೆ: ಬಿನೆ ಮಾಪನದ ಚರಿತ್ರೆ

ಶಾಲೆಯು ಕೆಲವರ ಸೊತ್ತಾಗಿದ್ದ ಕಾಲದಲ್ಲಿ, ಪಾಠ ಹತ್ತದ ಮಗು ಸದ್ದಿಲ್ಲದೆ ಶಾಲೆ ಬಿಡುತ್ತಿತ್ತು. ಅದು ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಫ್ರಾನ್ಸಿನಲ್ಲಿ 1882ರ ಶಾಸನವು 6ರಿಂದ 13 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಕಡ್ಡಾಯಗೊಳಿಸಿದ ಮೇಲೆ ಇಂತಹ ಮಕ್ಕಳು ಉಪಾಧ್ಯಾಯರ ಕಣ್ಣೆದುರಿನಲ್ಲಿಯೇ ಉಳಿದರು. ಸಾರ್ವತ್ರಿಕ ಶಿಕ್ಷಣದ ತತ್ತ್ವವೇ ಈ ಪ್ರಶ್ನೆಯನ್ನು ಮುಂದಿಟ್ಟಿತೆಂದು ನಾವು ತಿಳಿಯಬೇಕು.

1904ರಲ್ಲಿ ಫ್ರೆಂಚ್ ಸರಕಾರವು ಈ ವಿಷಯದ ಪರಿಶೀಲನೆಗೆ ಸಮಿತಿಯೊಂದನ್ನು ನೇಮಿಸಿತು. ಅದರ ಸದಸ್ಯರಾಗಿದ್ದ ಮನಶ್ಶಾಸ್ತ್ರಜ್ಞ ಆಲ್‌ಫ್ರೆಡ್ ಬಿನೆ, ಒಂದೇ ಮಗುವಿಗೆ ವೈದ್ಯರು ಬೇರೆ ಬೇರೆ ಹೆಸರು ಕೊಡುತ್ತಿದ್ದುದನ್ನು ಕಂಡಿದ್ದನು. ತಿಯೊಡೋರ್ ಸಿಮೋನನೊಡನೆ ಅವನು 1905ರಲ್ಲಿ, ಸುಲಭದಿಂದ ಕಠಿನಕ್ಕೆ ಏರುವ 30 ಪರೀಕ್ಷೆಗಳ ಮಾಪನವನ್ನು ಪ್ರಕಟಿಸಿದನು. 1908ರಲ್ಲಿ ಅವು ವಯಸ್ಸಿಗನುಗುಣವಾಗಿ ವಿಂಗಡಿಸಲ್ಪಟ್ಟವು. ಆದರೆ ಮಾಪನಕ್ಕೆ ಮೊದಲು ಶಾಲೆಯ ಸಾಕ್ಷ್ಯ ಬೇಕೆಂಬುದು ಬಿನೆಯ ಮತ. ಒಂಬತ್ತು ತುಂಬದ ಮಗು ಎರಡು ವರ್ಷ, ಒಂಬತ್ತು ದಾಟಿದ ಮಗು ಮೂರು ವರ್ಷ ಹಿಂದೆ ಬಿದ್ದಿದ್ದರೆ ಮಾತ್ರ ಶಂಕೆಗೆ ಎಡೆಯುಂಟು; ಅದಕ್ಕೂ ಮುನ್ನ ಮಗುವಿನ ಹಾಜರಿಯನ್ನು ನೋಡತಕ್ಕದ್ದು. ಶಾಲೆಗೇ ಬಾರದವನನ್ನು ಮಂದಮತಿ ಎನ್ನುವುದು ನ್ಯಾಯವಲ್ಲವಷ್ಟೆ.

ಗುರುತಿಸುವುದರ ಉದ್ದೇಶ ನೆರವು. 1909ರ ಶಾಸನದಿಂದ ಫ್ರಾನ್ಸಿನಲ್ಲಿ ವಿಶೇಷ ತರಗತಿಗಳಿಗೆ ಅವಕಾಶ ದೊರೆಯಿತು. ಅದೇ ವರ್ಷ ಬಿನೆಯು, ಬುದ್ಧಿಯು ಬದಲಾಗದ ಪರಿಮಾಣವೆಂಬ ವಾದವನ್ನು ಖಂಡಿಸಿ, ಅಭ್ಯಾಸದಿಂದ ಗಮನವೂ ಸ್ಮರಣೆಯೂ ಬೆಳೆಯುತ್ತವೆಂದು ಪ್ರತಿಪಾದಿಸಿದನು. 1911ರಲ್ಲಿ ಅವನು ತೀರಿಕೊಂಡನು. ಅನಂತರ ಮಾಪನದ ದಾರಿ ಬೇರೆಯಾಯಿತು. 1912ರಲ್ಲಿ ವಿಲಿಯಂ ಸ್ಟರ್ನನು ಫಲಿತಾಂಶವನ್ನು ಒಂದೇ ಭಾಗಲಬ್ಧಕ್ಕೆ ಇಳಿಸಿದನು. ಅಮೆರಿಕದಲ್ಲಿ ಹೆನ್ರಿ ಗೊಡ್ಡಾರ್ಡನು ಅದೇ ಮಾಪನವನ್ನು ಜನರನ್ನು ಬೇರ್ಪಡಿಸುವ ಸಾಧನವನ್ನಾಗಿ ಬಳಸಿದನು.

ಈ ಮಾಪನ ಕನ್ನಡಕ್ಕೂ ಬಂದಿತು. ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಅದನ್ನು ಪರಿಷ್ಕರಿಸಿ, ಆ ವಿವರವನ್ನು 1934ರಲ್ಲಿ ಪ್ರಕಟಿಸಿದರು. 1940ರಲ್ಲಿ ಅವರ ಗ್ರಂಥ ಹೊರಬಂದಿತು. ಪರಭಾಷೆಯ ಪ್ರಶ್ನೆಗೆ ತೊದಲುವ ಮಗುವನ್ನು ದಡ್ಡನೆಂದು ಎಣಿಸುವ ಅಪಾಯ ಇದರಿಂದ ತಗ್ಗಿತು.

ಭಾರತದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಬುದ್ಧಿ ಚುರುಕಾಗಿದ್ದರೂ ಓದಿನಲ್ಲಿ ಎಡವುವ ಮಗುವಿಗೆ ಇದರಿಂದ ಮನ್ನಣೆ ದೊರಕಿದೆ. ಆದರೂ ಮೊದಲು ನೋಡುವವರು ಉಪಾಧ್ಯಾಯರೇ. ಹಾಜರಿ, ಮನೆಮಾತು, ಕಣ್ಣು ಕಿವಿಗಳ ಆರೋಗ್ಯ, ಇವನ್ನೆಲ್ಲ ವಿಚಾರಿಸಿದ ಬಳಿಕವೇ ಪರೀಕ್ಷೆ. ಪರೀಕ್ಷೆಯ ಬಳಿಕ ತಪ್ಪದೆ ಪಾಠ. ಬಿನೆಯ ಈ ಕ್ರಮವು ನಮ್ಮ ಶಿಕ್ಷಕರಿಗೆ ಇಂದಿಗೂ ಅನುಸರಣೀಯವೆಂದು ನಾವು ಭಾವಿಸುತ್ತೇವೆ.