ಐದು ಪದಾರ್ಥ, ಒಂದು ಬೋಗುಣಿ: ಟೀ ಕಾಕ್‌ಟೇಲ್‌ನ ಹಿಂದಿನ ಕತೆ

🍋 ಭಾಗ 1/6: ಹೆಸರಲ್ಲೇ ಇದೆ

ಬೇಸಿಗೆ ಬಂತು ಅಂದ್ರೆ ಫೀಡ್ ತುಂಬಾ ಐಸ್ ಟೀ ಕಾಕ್‌ಟೇಲ್. ಎತ್ತರದ ಗ್ಲಾಸು, ತೇಲೋ ಐಸು, ನಿಂಬೆ ಹೋಳು, ಮೇಲೆ ಎರಡು ಪುದೀನ ಎಲೆ. ತಮಾಷೆ ಏನಂದ್ರೆ, ಇವುಗಳಲ್ಲಿ ಅತಿ ಫೇಮಸ್ ಆಗಿರೋ ಲಾಂಗ್ ಐಲ್ಯಾಂಡ್ ಐಸ್ಡ್ ಟೀಯಲ್ಲಿ ಒಂದು ಹನಿ ಟೀ ಕೂಡ ಇಲ್ಲ! ನಾಲ್ಕೈದು ಥರದ ಮದ್ಯ, ನಿಂಬೆರಸ, ಕೋಲಾ, ಅಷ್ಟೇ. ಬಣ್ಣ ಮಾತ್ರ ಟೀದು.

ನಿಜವಾಗಿ ಟೀ ಹಾಕಿ ಮಾಡ್ತಿದ್ದ ಪಾನೀಯ ಅದಕ್ಕಿಂತ ತುಂಬಾ ಹಳೆಯದು. ಅದರ ಹೆಸರು ಪಂಚ್. ಪಂಚಾಮೃತ, ಪಂಚಕಜ್ಜಾಯ ತಿಂದು ಬೆಳೆದ ನಮಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

🍋 ಭಾಗ 2/6: ಗೋವಾ, ಕಾರವಾರದ ದಾರಿಯಲ್ಲಿ

ಪಂಚ್ ಅನ್ನೋ ಪದ ಇಂಗ್ಲಿಷ್ ಬರವಣಿಗೆಯಲ್ಲಿ ಮೊದಲು ಸಿಗೋದು 1632ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ನೌಕರನೊಬ್ಬನ ಪತ್ರದಲ್ಲಿ. 1638ರಲ್ಲಿ ಸೂರತ್‌ಗೆ ಬಂದಿದ್ದ ಜರ್ಮನ್ ಪ್ರವಾಸಿ ಮಾಂಡೆಲ್ಸ್ಲೊನ ಪ್ರವಾಸಕಥನದಲ್ಲೂ ಮದ್ಯ, ಪನ್ನೀರು, ನಿಂಬೆ ಜಾತಿಯ ಹಣ್ಣಿನ ರಸ, ಸಕ್ಕರೆ ಬೆರೆಸಿದ ಪಾನೀಯದ ವಿಷಯ ಬರುತ್ತೆ.

ನಮಗೆ ಹತ್ತಿರದ ಸಾಕ್ಷಿ ಜಾನ್ ಫ್ರಯರ್. ಕಂಪನಿಯ ವೈದ್ಯ. 1670ರ ದಶಕದಲ್ಲಿ ಗೋವಾ, ಕಾರವಾರ, ಗೋಕರ್ಣದ ಕಡೆ ಓಡಾಡಿದವನು. 1698ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ವಿಷಯ ಸ್ಪಷ್ಟವಾಗಿದೆ: ಈ ಕರಾವಳಿಯ ಇಂಗ್ಲಿಷರು ಗೋವಾದ ಸಾರಾಯಿಯಿಂದ ಪಂಚ್ ಮಾಡ್ತಾರೆ, ಹಿಂದುಸ್ತಾನಿಯಲ್ಲಿ ಅದರ ಅರ್ಥ ಐದು, ಐದು ಪದಾರ್ಥ ಸೇರೋದರಿಂದ ಆ ಹೆಸರು. ಇದು ಮೈಯ ಶಕ್ತಿ ಹೀರೋ ಪಾನೀಯ ಅಂತಲೂ ಡಾಕ್ಟರು ಸೇರಿಸಿದ್ದಾನೆ!

ದೊಡ್ಡ ಪೀಪಾಯಿಗೆ ಇಂಗ್ಲಿಷಿನಲ್ಲಿದ್ದ 'ಪಂಚನ್' ಅನ್ನೋ ಹೆಸರಿನಿಂದ ಇದು ಬಂದಿರಬೇಕು ಅನ್ನೋ ವಾದವೂ ಇದೆ. ಆದ್ರೆ ಇಲ್ಲೇ ಇದ್ದು, ಕೇಳಿ ಬರೆದವನ ಮಾತಿಗೆ ನಾನು ಹೆಚ್ಚು ತೂಕ ಕೊಡ್ತೀನಿ.

ಇಷ್ಟಕ್ಕೂ ಅವರಿಗೆ ಇದು ಯಾಕೆ ಬೇಕಾಯ್ತು? ಊರಿಂದ ತಂದ ಬಿಯರು, ವೈನು ತಿಂಗಳುಗಟ್ಟಲೆ ಹಡಗಿನ ಸೆಕೆಯಲ್ಲಿ ಕೆಡ್ತಿತ್ತು. ಇಲ್ಲಿ ಸಾರಾಯಿ ಅಗ್ಗ, ನಿಂಬೆ ಅಗ್ಗ, ಸಕ್ಕರೆ ಕೈಗೆ ಸಿಗೋ ಹಾಗಿತ್ತು. ಸಪ್ಲೈ ಎಲ್ಲಿದೆಯೋ ರೆಸಿಪಿ ಅಲ್ಲೇ ಹುಟ್ಟುತ್ತೆ.

🍋 ಭಾಗ 3/6: ಬೋಗುಣಿಗೆ ಟೀ ಬಂತು

ಪಂಚ್ ಹಡಗು ಹತ್ತಿ ಲಂಡನ್‌ಗೆ ಹೋಯ್ತು. ಹೆಚ್ಚುಕಮ್ಮಿ ಅದೇ ಕಾಲಕ್ಕೆ ಚೀನಾದ ಟೀ ಕೂಡ ಅಲ್ಲಿಗೆ ತಲುಪಿತು. ಸ್ಯಾಮ್ಯುಯೆಲ್ ಪೀಪ್ಸ್ ತಾನು ಮೊದಲ ಸಲ ಟೀ ತರಿಸಿ ಕುಡಿದದ್ದನ್ನು ಡೈರಿಯಲ್ಲಿ ಬರೆದಿರೋದು 1660ರ ಸೆಪ್ಟೆಂಬರ್‌ನಲ್ಲಿ. ಮುಂದೆ ಪಂಚ್‌ನ ನೀರಿನ ಜಾಗಕ್ಕೆ ಟೀ ಡಿಕಾಕ್ಷನ್ ಬಂತು. ಕಾರಣ ರುಚಿಯೇ. ಟೀಯ ಒಗರು ಸಕ್ಕರೆಯ ಸಿಹಿಯನ್ನೂ ಮದ್ಯದ ಖಾರವನ್ನೂ ಹದಕ್ಕೆ ತರುತ್ತೆ.

ಆದ್ರೆ ಅದು ಶ್ರೀಮಂತರ ಬೋಗುಣಿ. ಬ್ರಿಟನ್‌ನಲ್ಲಿ ಟೀ ಮೇಲಿನ ತೆರಿಗೆ 119 ಪರ್ಸೆಂಟ್‌ವರೆಗೂ ಏರಿತ್ತು. ಇಷ್ಟು ತೆರಿಗೆ ಇದ್ರೆ ಕಳ್ಳಸಾಗಣೆ ಆಗದೇ ಇರುತ್ತಾ? 1784ರಲ್ಲಿ ಕಮ್ಯುಟೇಷನ್ ಕಾಯ್ದೆ ತಂದು ಒಂದೇ ಏಟಿಗೆ 12.5 ಪರ್ಸೆಂಟ್‌ಗೆ ಇಳಿಸಿದ್ರು. ಕಳ್ಳಸಾಗಣೆಯ ಲಾಭವೇ ಹೋಯ್ತು, ಟೀ ಸಾಮಾನ್ಯರ ಮನೆಗೂ ಬಂತು. ಟ್ಯಾಕ್ಸ್ ಕ್ಲಾಸಲ್ಲಿ ನಿದ್ದೆ ಮಾಡೋರಿಗೆ ಈ ಉದಾಹರಣೆ ಹೇಳಿ ನೋಡಿ.

🍋 ಭಾಗ 4/6: ಐಸ್ ಬಂದದ್ದು ಹಡಗಲ್ಲಿ

ಫ್ರಿಜ್ ಇಲ್ಲದ ಕಾಲದಲ್ಲಿ ತಣ್ಣಗೆ ಕುಡಿಯೋದು ಹೇಗೆ? ಬಾಸ್ಟನ್‌ನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಐಸ್ ಕೊಯ್ಸಿ ಮಾರ್ತಿದ್ದ. 1833ರಲ್ಲಿ 'ಟಸ್ಕನಿ' ಅನ್ನೋ ಹಡಗಿನಲ್ಲಿ ಸುಮಾರು 180 ಟನ್ ಐಸ್ ಕಲ್ಕತ್ತಾಗೆ ಹೊರಟಿತು. ನಾಲ್ಕು ತಿಂಗಳ ದಾರಿ, ಬಿಸಿಲಿನ ಸಮುದ್ರ. ಆದ್ರೂ ಸುಮಾರು 100 ಟನ್ ಕರಗದೆ ಉಳಿದಿತ್ತು. ಮದ್ರಾಸಿನಲ್ಲಿ ಆ ಐಸ್ ಇಡೋಕೆ ಕಟ್ಟಿದ ಐಸ್ ಹೌಸ್ ಇವತ್ತಿಗೂ ಮರೀನಾ ಬೀಚ್ ಎದುರಿಗಿದೆ. ಈಗ ಅದು ವಿವೇಕಾನಂದರ ಸ್ಮಾರಕ.

🍋 ಭಾಗ 5/6: ಕ್ರೆಡಿಟ್ ಯಾರಿಗೆ?

"ಐಸ್ ಟೀ ಕಂಡುಹಿಡಿದದ್ದು 1904ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್ ವಸ್ತುಪ್ರದರ್ಶನದಲ್ಲಿ." ಈ ಪೋಸ್ಟ್ ನೀವು ನೋಡಿರ್ತೀರಿ. ಸೆಕೆಗೆ ಬಿಸಿ ಟೀ ಯಾರೂ ಕುಡೀಲಿಲ್ಲ, ರಿಚರ್ಡ್ ಬ್ಲೆಚಿಂಡೆನ್ ಅನ್ನೋನು ಟೀಗೆ ಐಸ್ ಹಾಕಿ ಕೊಟ್ಟ, ಜನ ಮುಗಿಬಿದ್ರು ಅನ್ನೋ ಕತೆ.

ಕಂಡುಹಿಡಿದದ್ದು ಆಗ ಅಲ್ಲ. 1879ರ 'ಹೌಸ್‌ಕೀಪಿಂಗ್ ಇನ್ ಓಲ್ಡ್ ವರ್ಜೀನಿಯಾ' ಅನ್ನೋ ಅಡುಗೆ ಪುಸ್ತಕದಲ್ಲೇ ಐಸ್ ಟೀ ರೆಸಿಪಿ ಇದೆ. ಹಾಗಾದ್ರೆ ಹೆಸರು ಬ್ಲೆಚಿಂಡೆನ್‌ಗೆ ಯಾಕೆ? ಅವನು ಭಾರತದ ಟೀಗೆ ಅಮೆರಿಕದಲ್ಲಿ ಮಾರುಕಟ್ಟೆ ಹುಡುಕೋಕೆ ಬಂದ ಪ್ರಚಾರಕ. ಅದರ ಹಿಂದಿನ ವರ್ಷವಷ್ಟೇ, 1903ರಲ್ಲಿ, ರಫ್ತಾಗೋ ಟೀ ಮೇಲೆ ಸೆಸ್ ಹಾಕಿ ಆ ದುಡ್ಡನ್ನು ಪ್ರಚಾರಕ್ಕೆ ಬಳಸೋ ಕಾನೂನು ಇಲ್ಲಿ ಬಂದಿತ್ತು. ಪ್ರಚಾರಕ್ಕೆ ದುಡ್ಡಿದ್ದವರ ಹೆಸರು ಉಳೀತು.

ಆ ಟೀ ಬೆಳೆದವರ ಹೆಸರು? ಅಸ್ಸಾಂ ತೋಟಗಳಲ್ಲಿ ಕರಾರಿನ ಕೂಲಿಗಳಿದ್ರು. ಕೆಲಸ ಬಿಟ್ಟು ಹೋದ್ರೆ ಅಪರಾಧ. ಓಡಿಹೋದ ಕೂಲಿಯನ್ನು ವಾರಂಟ್ ಕೂಡ ಇಲ್ಲದೆ ತೋಟದವರೇ ಹಿಡಿಯೋ ಅಧಿಕಾರ 1908ರವರೆಗೂ ಇತ್ತು. ಅಂದ್ರೆ ಸೇಂಟ್ ಲೂಯಿಸ್‌ನಲ್ಲಿ ಜನ ತಣ್ಣಗೆ ಟೀ ಕುಡೀತಿದ್ದ ಆ ಬೇಸಿಗೆಯಲ್ಲೂ ಇತ್ತು. ಲೆಕ್ಕದ ಪುಸ್ತಕದಲ್ಲಿ ಪ್ರಚಾರದ ಖರ್ಚಿಗೆ ಒಂದು ಕಾಲಂ ಇರುತ್ತೆ, ಕೂಲಿಗೆ ಒಂದು ಕಾಲಂ ಇರುತ್ತೆ. ಹೀಗೆ ಹಿಡಿದು ತಂದವರ ಭಯಕ್ಕೆ ಕಾಲಂ ಇಲ್ಲ. ಅದಕ್ಕೇ "ಕಂಡುಹಿಡಿದವರು ಯಾರು" ಅನ್ನೋ ಪ್ರಶ್ನೆಗಿಂತ "ಬೆಲೆ ಕೊಟ್ಟವರು ಯಾರು" ಅನ್ನೋದು ನನಗೆ ಮುಖ್ಯ ಅನ್ಸುತ್ತೆ.

🍋 ಭಾಗ 6/6: ಮನೇಲಿ ಮಾಡಿ

ನಮ್ಮ ರಾಜ್ಯದಲ್ಲಿ ಸಾರಾಯಿ 2007ರ ಜುಲೈನಿಂದ ಬಂದ್. ಬಾರ್ ಬೋರ್ಡಿನ ಮೇಲೆ 21 ವರ್ಷ ಅಂತ ಇದೆ, ನನಗಿನ್ನೂ 20. ಹಾಗಾಗಿ ನನ್ನ ಪಂಚ್‌ಗೆ ಐದನೇ ಪದಾರ್ಥ ಸೋಡಾ.

▪️ ಟೀ: 1 ಲೀಟರ್ ತಣ್ಣೀರಿಗೆ 4 ಚಮಚ ಟೀಪುಡಿ, ಫ್ರಿಜ್‌ನಲ್ಲಿ 8 ಗಂಟೆ, ಆಮೇಲೆ ಸೋಸಿ. ಕುದಿಸಬೇಡಿ. ಕುದಿಸಿದ ಗಟ್ಟಿ ಟೀ ಫ್ರಿಜ್‌ನಲ್ಲಿ ಮಬ್ಬಾಗುತ್ತೆ, ಒಗರೂ ಜಾಸ್ತಿ.
▪️ ಸಕ್ಕರೆ: 6 ಚಮಚ. ನಿಂಬೆಯ ಹಳದಿ ಸಿಪ್ಪೆಯನ್ನಷ್ಟೇ ತುರಿದು ಸಕ್ಕರೆ ಜೊತೆ ಕೈಯಲ್ಲಿ ಉಜ್ಜಿ, ಅರ್ಧ ಗಂಟೆ ಬಿಡಿ. ಸಿಪ್ಪೆಯ ಎಣ್ಣೆ ಸಕ್ಕರೆಗೆ ಇಳಿಯುತ್ತೆ. ಹಳೇ ಪಂಚ್ ಮಾಡೋರ ಗುಟ್ಟು ಇದೇ.
▪️ ನಿಂಬೆ: ಅದೇ 2 ಹಣ್ಣಿನ ರಸ.
▪️ ಜಾಯಿಕಾಯಿ: ಚಿಟಿಕೆ, ಕೊನೆಗೆ ತುರಿದು.
▪️ ಸೋಡಾ: ಕುಡಿಯೋ ಹೊತ್ತಿಗೆ, ಗ್ಲಾಸಿಗೆ ಕಾಲು ಭಾಗ.

ಸಕ್ಕರೆಗೆ ನಿಂಬೆರಸ ಹಾಕಿ ಕರಗಿಸಿ, ಟೀ ಬೆರೆಸಿ, ಮತ್ತೆ ಸೋಸಿ, ಐಸ್ ಮೇಲೆ ಸುರಿಯಿರಿ. 21 ದಾಟಿದವರು ಗ್ಲಾಸಿಗೆ 30 ಎಂಎಲ್ ವೈಟ್ ರಮ್ ಸೇರಿಸಿದ್ರೆ ಕಾಕ್‌ಟೇಲ್. ಕುಡಿದು ಗಾಡಿ ಓಡಿಸಬೇಡಿ, ಪ್ಲೀಸ್.

ಇಷ್ಟ ಆದ್ರೆ ಸೇವ್ ಮಾಡ್ಕೊಳ್ಳಿ. "1904ರಲ್ಲಿ ಕಂಡುಹಿಡಿದ್ರು" ಅಂತ ಫಾರ್ವರ್ಡ್ ಮಾಡೋ ಫ್ರೆಂಡ್‌ಗೆ ಭಾಗ 5 ಕಳಿಸಿ 😄

#ಕನ್ನಡ #ಇತಿಹಾಸ #ಲೋಟದಲ್ಲಿಇತಿಹಾಸ #ಐಸ್‌ಟೀ #ಬೇಸಿಗೆ