ಒಬ್ಬನೇ ರೋಗಿಯ ಮೇಲೆ ಒಂದು ಪ್ರಯೋಗ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಹೋಗುವಾಗ ವಿದ್ಯಾನಗರದಲ್ಲಿ ಕಿಮ್ಸ್ ಆಸ್ಪತ್ರೆಯನ್ನು ನೀವು ನೋಡಿರುತ್ತೀರಿ. 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಎಂದು ಆರಂಭವಾದ ಸಂಸ್ಥೆ ಅದು. ಇಂಥ ದೊಡ್ಡ ಆಸ್ಪತ್ರೆಗಳಿಗೆ ಮೂತ್ರಪಿಂಡ ಸೋತವರು ವಾರಕ್ಕೆ ಎರಡು ಮೂರು ಸಲ ಬಂದು, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುತ್ತಾರೆ. ಕೆಲವರಿಗೆ ನಡುವೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರುತ್ತದೆ. ಅವರಿಗೆ ಯಾವ ಉಪಾಯ ಒಗ್ಗುತ್ತದೆ? ಈ ಪ್ರಶ್ನೆಗೆ ಒಂದು ಇತಿಹಾಸವಿದೆ.

1943ರಲ್ಲಿ, ಜರ್ಮನರ ವಶದಲ್ಲಿದ್ದ ನೆದರ್‌ಲೆಂಡ್ಸ್‌ನ ಕಾಂಪೆನ್ ಊರಿನಲ್ಲಿ ವೈದ್ಯ ವಿಲ್ಲೆಮ್ ಕಾಲ್ಫ್ ಸಾಸೇಜ್ ತಯಾರಿಕೆಯ ಸೆಲೋಫೇನ್ ಕೊಳವೆಯನ್ನು ಮರದ ಉರುಳೆಗೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿ ರಕ್ತ ಶುದ್ಧಿ ಮಾಡಲು ಹೊರಟರು. ಮೊದಲ ಹದಿನಾರು ರೋಗಿಗಳಲ್ಲಿ ಬಹುತೇಕರು ಉಳಿಯಲಿಲ್ಲ. 1945ರಲ್ಲಿ ಹದಿನೇಳನೆಯವರಾದ 67 ವರ್ಷದ ಮಹಿಳೆ ಪ್ರಜ್ಞಾಹೀನ ಸ್ಥಿತಿಯಿಂದ ಎಚ್ಚೆತ್ತು, ಮುಂದೆ ಏಳು ವರ್ಷ ಬದುಕಿದರು. ನೀವು ಕೇಳಬಹುದು: ಆಕೆ ಯಂತ್ರವಿಲ್ಲದೆಯೂ ಚೇತರಿಸಿಕೊಳ್ಳುತ್ತಿದ್ದರೇನೋ? ಒಳ್ಳೆಯ ಪ್ರಶ್ನೆ. ಆದರೆ ಸಾಯುತ್ತಿರುವವರಿಗೆ ಒಮ್ಮೆ ಯಂತ್ರ ಹಾಕಿ, ಒಮ್ಮೆ ತೆಗೆದು ನೋಡಲಾಗದು.

1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿನಲ್ಲೇ ಉಳಿಯುವ ಟೆಫ್ಲಾನ್ ನಳಿಕೆಯನ್ನು ಅಳವಡಿಸಿದ ಮೇಲೆ ಒಬ್ಬನೇ ರೋಗಿಗೆ ವರ್ಷಗಟ್ಟಲೆ ಡಯಾಲಿಸಿಸ್ ಸಾಧ್ಯವಾಯಿತು. ಹೀಗೆ ಅದೇ ವ್ಯಕ್ತಿ, ಅದೇ ಕ್ರಿಯೆ ಮತ್ತೆ ಮತ್ತೆ ಬರುವ ಸ್ಥಿತಿ ಹುಟ್ಟಿತು. 1986ರಲ್ಲಿ ಕೆನಡಾದ ಗೋರ್ಡನ್ ಗಯಾಟ್ ಮತ್ತು ಸಂಗಡಿಗರು ಒಬ್ಬ ಆಸ್ತಮಾ ರೋಗಿಯ ಮೇಲೆ ಔಷಧವನ್ನೂ ಖಾಲಿ ಗುಳಿಗೆಯನ್ನೂ ಪಾಳಿಯಂತೆ ಕೊಟ್ಟು, ಯಾವುದು ಯಾವಾಗ ಎಂಬುದನ್ನು ಗುಟ್ಟಾಗಿಟ್ಟು ಪರೀಕ್ಷಿಸಿದರು. ಏಕರೋಗಿ ಪ್ರಯೋಗವೆಂದರೆ ಇದೇ.

ಡಯಾಲಿಸಿಸ್‌ಗೆ ಇದು ಚೆನ್ನಾಗಿ ಹೊಂದುತ್ತದೆ. ಯಂತ್ರದ ದ್ರಾವಣವನ್ನು ಸ್ವಲ್ಪ ತಂಪಾಗಿಟ್ಟರೆ ಒತ್ತಡ ಕುಸಿಯುವುದು ಕಡಿಮೆ ಎಂದು 1980ರ ದಶಕದ ಆರಂಭದಲ್ಲಿ ಇಟಲಿಯ ವೈದ್ಯರು ಗಮನಿಸಿದ್ದರು. 2022ರಲ್ಲಿ ಪ್ರಕಟವಾದ ಕೆನಡಾದ ಒಂಟಾರಿಯೊದ ಅಧ್ಯಯನ 84 ಕೇಂದ್ರಗಳ 15,413 ರೋಗಿಗಳನ್ನು ನೋಡಿ, ಎಲ್ಲರಿಗೂ ತಂಪು ದ್ರಾವಣ ಕೊಟ್ಟರೆ ಹೃದ್ರೋಗದ ಸಾವು, ಆಸ್ಪತ್ರೆ ಸೇರುವಿಕೆ ಕಡಿಮೆಯಾಗದು ಎಂದಿತು. ಹಲವರಿಗೆ ಚಳಿಯ ತೊಂದರೆಯೂ ಆಯಿತು. ಅದು ಸರಾಸರಿಯ ಉತ್ತರ.

ಕಲಘಟಗಿಯಿಂದ ಬರುವ ಒಬ್ಬರನ್ನು ಊಹಿಸಿಕೊಳ್ಳಿ. ಅವರಿಗೆ ವಿವರಿಸಿ, ಒಪ್ಪಿಗೆ ಪಡೆದು, ಒಂದು ವಾರ ತಂಪು, ಒಂದು ವಾರ ಮಾಮೂಲು ಎಂದು ಜೋಡಿ ಮಾಡಬೇಕು. ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಹೀಗೆ ನಾಲ್ಕೈದು ಜೋಡಿ. ಪ್ರತಿ ಸಲ ಒತ್ತಡ ಬರೆದುಕೊಂಡು, "ಇವತ್ತ ಹೆಂಗ ಅನಸ್ತು, ಯಜಮಾನ್ರ?" ಎಂದು ಕೇಳಬೇಕು. (ಚಳಿ ಹತ್ತಿದರೆ ಗುಟ್ಟು ರಟ್ಟು, ಅದು ಈ ಪ್ರಯೋಗದ ದೌರ್ಬಲ್ಯ.) ನಡುವೆ ಅವರ ತೂಕ, ಔಷಧ ಬದಲಾದರೆ ಲೆಕ್ಕ ಕೆಡುತ್ತದೆ. ಕೊನೆಗೆ ಸಿಗುವ ಉತ್ತರ ಅವರೊಬ್ಬರದೇ. ಪಕ್ಕದ ಹಾಸಿಗೆಯವರಿಗೆ ಬೇರೆ ಚೀಟಿ ಎತ್ತಬೇಕು.