ಮೂರು ನಿಮಿಷದ ಹಾಡು

ಸುಪ್ರಸಿದ್ಧ ಗಾಯಕಿ ಗೌಹರ್ ಜಾನ್ ಅವರು 1930ರ ಜನವರಿಯಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಅರಮನೆಯ ವಿದುಷಿಯಾಗಿ ಅಲ್ಲಿಗೆ ಬಂದು ಬಹುಕಾಲವಾಗಿರಲಿಲ್ಲ. 1902ರಲ್ಲಿ ಕಲಕತ್ತೆಯಲ್ಲಿ ಅವರು ಗ್ರಾಮಫೋನಿಗೆ ಕೊಟ್ಟ ದನಿಯನ್ನು ಇಂದಿಗೂ ಕೇಳಬಹುದು. ಹಾಡುವಾಗ ಆ ಮುಖ ಹೇಗೆ ಅರಳುತ್ತಿತ್ತೆಂಬುದನ್ನು ಮಾತ್ರ ಕಾಣಲಾರೆವು. ಹಾಡನ್ನು ಕೇಳಿದವರಿಗೆ ಹಾಡಿದವರನ್ನೂ ನೋಡಬೇಕೆನಿಸುವುದು ಸಹಜ. ಆ ಬಯಕೆಯ ಕೂಸುಗಳಲ್ಲಿ ಒಂದು, ಗೀತೆಯ ಕಿರುಚಿತ್ರ.

ಅಮೆರಿಕದಲ್ಲಿ 1940ರಿಂದ 1946ರವರೆಗೆ ‘ಸೌಂಡಿ’ಗಳೆಂಬ ಇಂಥ ಚಿತ್ರಗಳು 1,800ಕ್ಕೂ ಮಿಕ್ಕಿ ತಯಾರಾದವು. ಒಂದೊಂದೂ ಸುಮಾರು ಮೂರು ನಿಮಿಷ, ಎಂದರೆ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಷ್ಟು. ಹೋಟೆಲು, ಪಾನಗೃಹಗಳಲ್ಲಿದ್ದ ‘ಪ್ಯಾನೊರಮ್’ ಎಂಬ ಪೆಟ್ಟಿಗೆಗೆ ಹತ್ತು ಸೆಂಟಿನ ನಾಣ್ಯ ಹಾಕಿದರೆ ಡ್ಯೂಕ್ ಎಲಿಂಗ್ಟನ್, ಫ್ಯಾಟ್ಸ್ ವಾಲರ್ ಮುಂತಾದವರು ಪುಟ್ಟ ತೆರೆಯ ಮೇಲೆ ಪ್ರತ್ಯಕ್ಷರಾಗುತ್ತಿದ್ದರು. ಸುರುಳಿಯಲ್ಲಿದ್ದ ಎಂಟು ಹಾಡುಗಳಲ್ಲಿ ಸರದಿಗೆ ಬಂದದ್ದನ್ನೇ ನೋಡಬೇಕು, ಆಯ್ಕೆಯಿಲ್ಲ. ಬಿಂಬವು ಕನ್ನಡಿಗಳ ಮೂಲಕ ಹಾಯುತ್ತಿದ್ದುದರಿಂದ ಪ್ರತಿಗಳನ್ನು ಎಡಬಲ ತಿರುಗಿಸಿಯೇ ಮುದ್ರಿಸುತ್ತಿದ್ದರು. ಆ ಹಿಂದುಮುಂದಾದ ಅಕ್ಷರಗಳನ್ನು ಕಂಡೊಡನೆ ಸಂಗ್ರಾಹಕನ ಕಣ್ಣು ಹೊಳೆಯುತ್ತದೆ: ಇದು ಪೆಟ್ಟಿಗೆಯೊಳಗೆ ಓಡಿದ ಅಸಲು ಪ್ರತಿ!

ನಮ್ಮ ಕಡೆಗೆ ತಿರುಗಿದರೆ ಮನಸ್ಸು ಮುದುಡುತ್ತದೆ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ ಇವರು ಕಂಪೆನಿ ನಾಟಕದ ಕಂಠಸಿರಿಯನ್ನು ತೆರೆಗೆ ತಂದವರು. ಅದರ ಒಂದು ಪ್ರತಿಯೂ ಉಳಿದಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮು ಥಟ್ಟನೆ ಹೊತ್ತಿಕೊಳ್ಳುವಂಥದು, ಇಟ್ಟಲ್ಲೇ ಕೊಳೆಯುವಂಥದು. ಅದರೊಳಗಿನ ಬೆಳ್ಳಿಗಾಗಿ ಹಳೆಯ ಸುರುಳಿಗಳನ್ನು ಹಾಳುಗೆಡವಿದವರೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ಅಷ್ಟರಲ್ಲಿ ಮೂವತ್ತು ವರ್ಷಗಳೇ ಸಂದಿದ್ದವು.

ಸೌಂಡಿಗಳಾದರೂ ಹೇಗೆ ಉಳಿದವು? ಅವು 16 ಮಿಲಿಮೀಟರಿನ, ಸುಲಭವಾಗಿ ಬೆಂಕಿ ಹತ್ತದ ಫಿಲ್ಮಿನವು. ವ್ಯಾಪಾರ ಮುಗಿದ ಮೇಲೆ ಮನೆಯಲ್ಲಿ ಚಿತ್ರ ನೋಡುವವರಿಗೆ ಮಾರಾಟವಾಗಿ ಹಲವು ಕೈಗಳಿಗೆ ಹಂಚಿಹೋದವು. ಚಿಕ್ಕವಾದ್ದರಿಂದ, ಚೆದುರಿದ್ದರಿಂದ ಬದುಕಿದವು. ಸಂಸ್ಥೆಗಳು ಕಣ್ತೆರೆಯುವ ಮೊದಲು ಕಾಪಾಡಿದವನು, ನೆರೆಹೊರೆಯವರು ಹುಚ್ಚನೆಂದು ನಕ್ಕ ಸಂಗ್ರಾಹಕ.

ನಮ್ಮ ಪದ್ಮನಾಭನಗರದಂಥ ಬಡಾವಣೆಗಳಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ ಅಟ್ಟದ ಮೇಲಿನ ಟ್ರಂಕು ನೇರವಾಗಿ ಗುಜರಿಯವನ ಗಾಡಿಗೇರುತ್ತದೆ. ಏರಿಸುವ ಮುನ್ನ ದಯವಿಟ್ಟು ಒಮ್ಮೆ ಮುಚ್ಚಳ ತೆಗೆದು ನೋಡಿ. ಯಾರದೋ ಮೂರು ನಿಮಿಷದ ಹಾಡು ಅಲ್ಲಿ ನಮಗಾಗಿ ಕಾದಿರಬಹುದು.